ಕಾಯುವವರ ಪಟ್ಟಿಯ ಮೊದಲ ಹೆಸರು

ಟೀ ಅಂಗಡಿಯ ಕೆಟಲಿನ ಮೂತಿಗೆ ಹಳೆಯ ಷಟಲ್ ಕಾಕ್ ಹಿಡಿದು ನಿಂತಿರುತ್ತಿದ್ದ ಒಬ್ಬ ಮೇಷ್ಟ್ರನ್ನು ತಿ. ನರಸೀಪುರದ ಕಡೆಯವರು ಕೆಲವರಾದರೂ ನೆನಪಿಟ್ಟುಕೊಂಡಿರಬಹುದು. ಬಾಗಿದ ಗರಿಗೆ ಹಬೆ ತಾಗಿದರೆ ಅದು ಮತ್ತೆ ನೆಟ್ಟಗಾಗುತ್ತದೆ. ಬೇರೆಯವರ ಕೈಯಲ್ಲಿ ವಾರಕ್ಕೆ ಮುಗಿಯುವ ಒಂದು ಡಬ್ಬಿ ಷಟಲ್ ಅವರ ಕೈಯಲ್ಲಿ ಹೀಗೆ ತಿಂಗಳುಗಟ್ಟಲೆ ಬಾಳುತ್ತಿತ್ತು. ಅಂಗಡಿಯವನು ಮೊದಮೊದಲು ಗೊಣಗಿದ. ಆಮೇಲಾಮೇಲೆ ಅವನೇ, "ಮೇಷ್ಟ್ರೇ, ನಿಮ್ ಕೋಳಿ ಬೆಂದೈತೆ, ಎತ್ಕಳಿ" ಎಂದು ಕರೆದು ಹೇಳುತ್ತಿದ್ದ. ಮೇಷ್ಟ್ರು ನಗುತ್ತಿರಲಿಲ್ಲ. ಷಟಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದೊಂದು ಗರಿಯನ್ನೂ ತಿರುಗಿಸಿ ನೋಡಿ, "ಇನ್ನ ಎರಡು ಆಟ ಐತೆ ಇದ್ರಲ್ಲಿ" ಎಂದು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಅವರು ಹೋದ ತಿಂಗಳು ತೀರಿಕೊಂಡರು. ಹನ್ನೊಂದನೇ ದಿನದ ಕಾರ್ಯಕ್ಕೆ ಹೋಗಿ, ಎಲೆಯ ಮುಂದೆ ಕೂತು, ಊಟ ಮಾಡಿ ಬಂದೆ. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ನಾನು ಮಾಡಿದ್ದು ಏನೆಂದು ಕೊನೆಯವರೆಗೆ ಓದಿದರೆ ನಿಮಗೇ ತಿಳಿಯುತ್ತದೆ.

ನಾನು ಹೈಸ್ಕೂಲು ಮುಗಿಸಿದವನು. ಹುಟ್ಟಿದ ಊರು ಬಿಳಿಗೆರೆಯ ಹತ್ತಿರ. ತೊಂಬತ್ತರ ದಶಕದಲ್ಲಿ ನಂಜನಗೂಡಿನ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಎಸ್‌ಟಿಡಿ ಬೂತ್ ಇಟ್ಟಿದ್ದೆ. ಎರಡು ಫೋನು, ಒಂದು ಜೆರಾಕ್ಸು, ಒಂದು ಫ್ಯಾಕ್ಸ್ ಯಂತ್ರ. ಕಾರ್ಖಾನೆಗಳಿಗೆ ಸಾಮಾನು ಸರಬರಾಜು ಮಾಡುವ ಸಣ್ಣಪುಟ್ಟವರಿಗೆ ಸ್ವಂತ ಫ್ಯಾಕ್ಸ್ ಇರಲಿಲ್ಲ. ಎಲ್ಲರೂ ನನ್ನ ನಂಬರನ್ನೇ ಕೊಟ್ಟಿರುತ್ತಿದ್ದರು. ಬಂದ ಫ್ಯಾಕ್ಸನ್ನು ಗೋಡೆಯ ಕಂಬಿಗೆ ಚುಚ್ಚಿಡುವುದು, ಹೆಸರಿದ್ದವರು ಬಂದಾಗ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡು ಕೊಡುವುದು ನನ್ನ ಪದ್ಧತಿ. ಯಾರ ಕಾಗದವೂ ನನ್ನಲ್ಲಿ ಕಳೆದುಹೋಗುವುದಿಲ್ಲ ಎಂದು ಪೇಟೆಯಲ್ಲಿ ಹೆಸರಿತ್ತು. ಅದರ ಹೆಮ್ಮೆ ನನಗೂ ಇತ್ತು.

ಮೇಷ್ಟ್ರು ನರಸೀಪುರದ ಒಂದು ಹೈಸ್ಕೂಲಿನಲ್ಲಿ ವ್ಯಾಯಾಮ ಕಲಿಸುತ್ತಿದ್ದರು. ನನ್ನನ್ನು ಫೋನಣ್ಣ ಎಂದು ಕರೆಯುತ್ತಿದ್ದರು. ವಾರಕ್ಕೆ ಮೂರು ದಿನ ಸಂಜೆ ನಂಜನಗೂಡಿಗೆ ಬಂದು, ನನ್ನ ಬೂತಿನ ಬೆಂಚಿನ ಮೇಲೆ ಕೂತು, ಎದುರಿನ ಹೋಟೆಲಿನಿಂದ ಬೈಟು ಟೀ ತರಿಸುತ್ತಿದ್ದರು. ಒಂದು ಲೋಟದ ಟೀ ಎರಡು ಲೋಟಕ್ಕೆ, ಅರ್ಧ ಅವರಿಗೆ, ಅರ್ಧ ನನಗೆ. ಅವರು ಪೂರ್ತಿ ಲೋಟ ಟೀ ಕುಡಿದದ್ದನ್ನು ನಾನು ನೋಡಿಲ್ಲ. ಬೆಂಗಳೂರಿನಿಂದ ಯಾರೋ ಕಳಿಸುತ್ತಿದ್ದ ಬ್ಯಾಡ್ಮಿಂಟನ್ ಶ್ರೇಯಾಂಕದ ಹಾಳೆಗಳನ್ನು ನನ್ನ ಕೈಲಿ ಜೆರಾಕ್ಸ್ ಮಾಡಿಸಿ, ಒಂದು ಮುರಿದ ಗರಿಯನ್ನು ಸಾಲಿನಿಂದ ಸಾಲಿಗೆ ಎಳೆಯುತ್ತ ಓದುತ್ತಿದ್ದರು. ಪಂಚಾಂಗ ನೋಡುವವರ ಹಾಗೆ ತುಟಿ ಅಲ್ಲಾಡುತ್ತಿತ್ತು.

ಅವರು ಆಟ ಕಲಿಸುತ್ತಿದ್ದದ್ದು ಒಂದು ಅಕ್ಕಿ ಗಿರಣಿಯ ಗೋದಾಮಿನಲ್ಲಿ. ಎತ್ತರದ ಸೂರು, ಸಿಮೆಂಟಿನ ನೆಲ, ಗಾಳಿ ಬರುವುದಿಲ್ಲ. ಸುಗ್ಗಿ ಬಂತೆಂದರೆ ಒಂದು ಪಕ್ಕದಿಂದ ಭತ್ತದ ಮೂಟೆ ಏರುತ್ತ ಬಂದು ಅಂಕಣದ ಅರ್ಧವನ್ನು ನುಂಗುತ್ತಿತ್ತು. ಬೇರೆಯವರಾಗಿದ್ದರೆ ಎರಡು ತಿಂಗಳು ಬಾಗಿಲು ಹಾಕುತ್ತಿದ್ದರು. ಇವರು ಉಳಿದ ಅರ್ಧದಲ್ಲೇ ಆಡಿಸುತ್ತಿದ್ದರು. ಉದ್ದಕ್ಕೆ ಹೊಡೆಯುವ ಹೊಡೆತ, ಬಲೆಯ ಪಕ್ಕದ ಆಟ, ಎರಡೇ. ಷಟಲ್ ಮೂಟೆಗೆ ತಗುಲಿದರೆ ಹೊಡೆದವರು ಔಟ್. ಆಮೇಲೆ ಜಿಲ್ಲಾಮಟ್ಟಕ್ಕೆ ಹೋದಾಗ ನರಸೀಪುರದ ಮಕ್ಕಳು ಗೆರೆಯ ಮೇಲೆ ಗೆರೆ ಎಳೆದ ಹಾಗೆ ನೆಟ್ಟಗೆ ಹೊಡೆಯುವುದನ್ನು ಕಂಡು ಮೈಸೂರಿನವರು ಎಲ್ಲಿ ಕಲಿತಿರಿ ಎಂದು ಕೇಳುತ್ತಿದ್ದರಂತೆ. ಆ ನೆಟ್ಟನೆಯ ಹೊಡೆತ ಕಲಿಸಿದ್ದು ಭತ್ತ ಎಂದು ಯಾರೂ ಹೇಳುತ್ತಿರಲಿಲ್ಲ.

ಅಲ್ಲಿ ಕಲಿತವರಲ್ಲಿ ನನ್ನ ಮಗಳೂ ಒಬ್ಬಳು. ಹನ್ನೊಂದನೇ ವಯಸ್ಸಿಗೆ ಸೇರಿದಳು. ಬೆಳಗಿನ ಮೊದಲ ಬಸ್ಸಿಗೆ ಹೋಗಿ, ಆಡಿ, ನಂಜನಗೂಡಿಗೆ ವಾಪಸು ಬಂದು ಸ್ಕೂಲಿಗೆ ಹೋಗುತ್ತಿದ್ದಳು. ಹದಿನಾರಕ್ಕೆ ರಾಜ್ಯ ಗೆದ್ದಳು. ಹದಿನೆಂಟಕ್ಕೆ ದೇಶದ ಮೊದಲ ಹತ್ತು ಜನರೊಳಗೆ ಅವಳ ಹೆಸರು ಬಂತು. ಮೇಷ್ಟ್ರು ಅವಳನ್ನು ಕೂಸೇ ಎಂದು ಕರೆಯುತ್ತಿದ್ದರು. ಅವಳು ಮನೆಯಲ್ಲಿ ಏನು ಮಾತಾಡಿದರೂ ಮೇಷ್ಟ್ರಿಂದಲೇ ಶುರು. ಮೇಷ್ಟ್ರು ಮೊಸರು ಬೇಡ ಅಂದ್ರು. ಮೇಷ್ಟ್ರು ಇಷ್ಟು ಹೊತ್ತಿಗೆ ಮಲಗಬೇಕು ಅಂದ್ರು. ಅವಳು ಉದ್ದ ಜಡೆ ಕತ್ತರಿಸಿಕೊಂಡು ಬಂದ ದಿನ ನನ್ನ ಹೆಂಡತಿ ಅತ್ತಳು. ನಾನು ಯಾರನ್ನು ಕೇಳಿ ಕತ್ತರಿಸಿದೆ ಎಂದೆ. ಆಟಕ್ಕೆ ಅಡ್ಡ ಬರುತ್ತಿತ್ತು, ಮೇಷ್ಟ್ರನ್ನು ಕೇಳಿದೆ, ಎಂದಳು. ನನ್ನನ್ನು ಕೇಳಬೇಕಿತ್ತು ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಜಾಗ ಹೇಗೆ ಸಿಗುತ್ತದೆ ಎಂಬುದನ್ನು ನನಗೆ ಅರ್ಥ ಮಾಡಿಸಿದವರು ಮೇಷ್ಟ್ರೇ. ಅವರನ್ನೂ ಮಗಳನ್ನೂ ಬಿಟ್ಟರೆ ನಮ್ಮ ಕಡೆ ಅದು ಗೊತ್ತಿದ್ದ ಮೂರನೆಯವನು ನಾನೇ ಇರಬೇಕು. ಮುಖ್ಯ ಸುತ್ತಿನ ಜಾಗಗಳಲ್ಲಿ ಹೆಚ್ಚಿನವನ್ನು ವಿಶ್ವ ಶ್ರೇಯಾಂಕದ ಪಟ್ಟಿಯ ಮೇಲಿನಿಂದ ಎಣಿಸಿಕೊಂಡು ಬಂದು ಹಂಚುತ್ತಾರೆ. ಕೊನೆಯ ಕೆಲವನ್ನು ಅರ್ಹತಾ ಸುತ್ತು ಆಡಿ ಗೆದ್ದವರಿಗೆ ಬಿಡುತ್ತಾರೆ. ಆ ಅರ್ಹತಾ ಸುತ್ತಿಗೂ ಎಣಿಸಿದಷ್ಟೇ ಜನ. ಅಲ್ಲೂ ಸಿಗದವರ ಹೆಸರು ಕಾಯುವವರ ಪಟ್ಟಿಗೆ ಹೋಗುತ್ತದೆ, ಅದೂ ಶ್ರೇಯಾಂಕದ ಕ್ರಮದಲ್ಲೇ. ಮೇಲೆ ಯಾರೋ ಕಾಲು ಉಳುಕಿ ಹಿಂದೆ ಸರಿದರೆ ಅರ್ಹತಾ ಸುತ್ತಿನ ಮೊದಲಿನವಳು ಮೇಲೆ ಹೋಗುತ್ತಾಳೆ. ಅವಳು ಬಿಟ್ಟ ಜಾಗಕ್ಕೆ ಕಾಯುವವರಲ್ಲಿ ಮೊದಲಿನವಳನ್ನು ಕರೆಯುತ್ತಾರೆ. ಬಿಟ್ಟ ಜಾಗ ಬಿಟ್ಟವಳ ದೇಶಕ್ಕೆ ಸೇರಿದ್ದಲ್ಲ. ಒಂದು ದೇಶದಿಂದ ಇಷ್ಟೇ ಜನ ಎಂಬ ಮಿತಿ ದಾಟದಿದ್ದರೆ ಯಾವ ಊರಿನ ಯಾರಿಗಾದರೂ ಬರಬಹುದು. ಆದರೆ ಹೇಳಿದ ಹೊತ್ತಿನೊಳಗೆ ಒಪ್ಪಿಗೆ ಕೊಡಬೇಕು. ಕೊಡದಿದ್ದರೆ ಅದು ಕೆಳಗಿನ ಹೆಸರಿಗೆ ಹೋಗಿಬಿಡುತ್ತದೆ, ಮತ್ತೆ ಕೇಳುವುದಿಲ್ಲ.

ಇದನ್ನು ಅವರು ನನಗೆ ಕಲಿಸಿದ್ದು ನಂಜನಗೂಡು–ನರಸೀಪುರ ಬಸ್ಸಿನಲ್ಲಿ. ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ಎಲ್ಲರಿಗೂ ಗೊತ್ತು. ಮೇಷ್ಟ್ರು ಟವೆಲ್ ಹಾಕುತ್ತಿರಲಿಲ್ಲ. ಒಂದು ದಿನ ಇಬ್ಬರೂ ನಿಂತೇ ಹೋಗುತ್ತಿದ್ದೆವು. ದಾರಿಯಲ್ಲಿ ಅವರ ಮೊಣಕೈಗೆ ತಾಗುವಂತಿದ್ದ ಸೀಟು ಖಾಲಿಯಾಯಿತು. ಅವರು ಕೂರಲಿಲ್ಲ. ಹಿಂದೆ ತಿರುಗಿ, ಬಾಗಿಲ ಹತ್ತಿರ ಸೊಪ್ಪಿನ ಕುಕ್ಕೆ ಇಟ್ಟುಕೊಂಡು ನಿಂತಿದ್ದ ಒಬ್ಬ ಹೆಂಗಸನ್ನು ಕರೆದು ಕೂರಿಸಿದರು. ನಮಗಿಂತ ಮುಂಚೆ ಹತ್ತಿದ್ದು ಆ ಯಮ್ಮ, ಜಾಗ ಹತ್ತಿರ ಇದ್ದೋರಿಗಲ್ಲ, ಮೊದಲು ನಿಂತೋರಿಗೆ, ಎಂದು ನನಗೆ ಹೇಳಿದರು. ಕಂಡಕ್ಟರು, "ಏನ್ ಮೇಷ್ಟ್ರೇ, ಬಸ್ಸಲ್ಲೂ ಹಾಜರಿ ತಗತೀರಾ?" ಎಂದ. ಬಸ್ಸೆಲ್ಲ ನಕ್ಕಿತು. ಆ ಹೆಂಗಸು ಇಳಿದ ಮೇಲೆ ನನ್ನನ್ನು ಕೂರಿಸಿದರು. ಅವರಿಗಿಂತ ಒಂದು ಹೆಜ್ಜೆ ಮುಂದೆ ನಾನು ಹತ್ತಿದ್ದೆನಂತೆ. ಅವರು ನರಸೀಪುರದವರೆಗೂ ನಿಂತೇ ಇದ್ದರು.

"ಪಟ್ಟಿ ಯಾರ ಮುಖಾನೂ ನೋಡಲ್ಲ ಫೋನಣ್ಣ. ಅದ್ಕೇ ನಮ್ಮಂತೋರು ಅದನ್ನ ನಂಬಬೋದು" ಎಂದು ಅವರು ಅವತ್ತು ಹೇಳಿದ ಮಾತು ನನಗೆ ಹಾಗೇ ನೆನಪಿದೆ.

ಮಲೇಷ್ಯಾದಲ್ಲಿ ನಡೆಯುವ ಒಂದು ಪಂದ್ಯಾವಳಿಗೆ ನನ್ನ ಮಗಳ ಹೆಸರು ಕಳಿಸಿದರು. ಅರ್ಹತಾ ಸುತ್ತಿನಲ್ಲಿ ಜಾಗ ಸಿಗಲಿಲ್ಲ. ಆದರೆ ಕಾಯುವವರ ಪಟ್ಟಿಯಲ್ಲಿ ಅವಳದೇ ಮೊದಲ ಹೆಸರು. ಮೇಷ್ಟ್ರು ಆ ಹಾಳೆಯನ್ನು ಹಿಡಿದುಕೊಂಡು ಬಂದಾಗ ಅವರ ಬಿಳಿ ಕ್ಯಾನ್ವಾಸ್ ಶೂಗಳ ದಾರ ಬಿಚ್ಚಿಹೋಗಿತ್ತು, ಗಮನಿಸಿರಲಿಲ್ಲ. ದೇಶದ ಮಿತಿಯನ್ನು ಬೆರಳು ಮಡಚಿ ಮೂರು ಸಲ ಎಣಿಸಿದರು. ನಮ್ಮವರಲ್ಲಿ ಇನ್ನೊಬ್ಬರಿಗೆ ಜಾಗ ಇತ್ತು. ಕೆಳಗಿರೋದು ಅಂದ್ರೆ ಹೊರಗಿರೋದಲ್ಲ ಎಂದು ಮಗಳಿಗೆ ಹೇಳಿ ಚೀಲ ಕಟ್ಟಿಸಿದರು. ಪಾಸ್‌ಪೋರ್ಟು ಮೊದಲೇ ಮಾಡಿಸಿಟ್ಟಿದ್ದರು. ವಿಮಾನದ ಟಿಕೆಟ್ಟಿನ ಖರ್ಚನ್ನು ನೋಡಿಕೊಳ್ಳುವುದಾಗಿ ನಮ್ಮ ಕಡೆಯ ಒಂದು ಮಠದವರು ಒಪ್ಪಿದ್ದರು. ಕರೆ ಬರುವುದೊಂದೇ ಬಾಕಿ.

ಆ ಅರ್ಜಿಯ ಒಂದು ಪ್ರತಿಯನ್ನು ನಾನೇ ಜೆರಾಕ್ಸ್ ಮಾಡಿದ್ದೆ. ಮಾಡುವಾಗ ಓದಿದೆ. ಸಂಪರ್ಕಿಸಬೇಕಾದವರು ಎಂಬ ಜಾಗದಲ್ಲಿ ಮಗಳು ತನ್ನ ದುಂಡನೆಯ ಅಕ್ಷರದಲ್ಲಿ ಮೇಷ್ಟ್ರ ಹೆಸರು ಬರೆದಿದ್ದಳು. ಅದರ ಪಕ್ಕದಲ್ಲಿ ಫ್ಯಾಕ್ಸ್ ನಂಬರು, ನನ್ನದು. ವಿಳಾಸವೂ ನನ್ನ ಬೂತಿನದೇ. ಸ್ಕೂಲಿಗೆ ಬಂದ ಕಾಗದ ಮೇಷ್ಟ್ರ ಕೈ ಸೇರುವಷ್ಟರಲ್ಲಿ ಹಳೆಯದಾಗುತ್ತಿತ್ತು, ಅದಕ್ಕೆ. ಅದರಲ್ಲಿ ತಪ್ಪೇನಿರಲಿಲ್ಲ. ಆದರೆ ಆ ಹಾಳೆಯಲ್ಲಿ ನಾನು ಬರೀ ನಂಬರು ಎಂಬುದು ನನ್ನ ಎದೆಯಲ್ಲಿ ಕೂತುಬಿಟ್ಟಿತು.

ಮೇ ತಿಂಗಳ ಒಂದು ಬೆಳಗ್ಗೆ, ಹನ್ನೊಂದು ಗಂಟೆಯ ಹೊತ್ತಿಗೆ, ಫ್ಯಾಕ್ಸ್ ಬಂತು. ಯಂತ್ರ ಕಾಗದವನ್ನು ನಿಧಾನವಾಗಿ ಹೊರಗೆ ತಳ್ಳುತ್ತಿರುವಾಗ ಮೊದಲು ಕಂಡದ್ದು ಮೇಷ್ಟ್ರ ಹೆಸರು. ಆಮೇಲೆ ಮಗಳ ಹೆಸರು. ರಾಷ್ಟ್ರೀಯ ಸಂಸ್ಥೆಯ ಕಚೇರಿಯಿಂದ ಬಂದದ್ದು. ಅರ್ಹತಾ ಸುತ್ತಿನಲ್ಲಿ ಒಂದು ಜಾಗ ತೆರವಾಗಿದೆ, ಕಾಯುವವರಲ್ಲಿ ಮೊದಲಿನವರಾದ ನಿಮ್ಮ ಆಟಗಾರ್ತಿಗೆ ಅದು ಸಲ್ಲುತ್ತದೆ, ನಾಳೆ ಸಂಜೆ ಐದರೊಳಗೆ ಒಪ್ಪಿಗೆ ತಿಳಿಸಿ, ತಪ್ಪಿದರೆ ಮುಂದಿನ ಹೆಸರಿಗೆ ಕೊಡಲಾಗುವುದು. ನನ್ನ ಇಂಗ್ಲಿಷ್ ಹೈಸ್ಕೂಲಿನದು. ಆದರೂ ಒಂದು ಪದವೂ ತಿಳಿಯದೆ ಉಳಿಯಲಿಲ್ಲ. ಮೇಷ್ಟ್ರು ಅಷ್ಟು ಚೆನ್ನಾಗಿ ಪಾಠ ಮಾಡಿದ್ದರು.

ಅದನ್ನು ಕಂಬಿಗೆ ಚುಚ್ಚಲು ಕೈ ಎತ್ತಿದವನು ಚುಚ್ಚಲಿಲ್ಲ. ಮಡಿಸಿ ಮೇಜಿನ ಡ್ರಾಯರಿಗೆ ಹಾಕಿದೆ.

ಆ ಭಾನುವಾರ ಚಿಕ್ಕಯ್ಯನಛತ್ರದ ಕಡೆಯಿಂದ ಮಗಳನ್ನು ನೋಡಲು ಗಂಡಿನವರು ಬರುವವರಿದ್ದರು, ಮಾತು ಕೊಟ್ಟಿದ್ದೆ, ಹೆಣ್ಣುಮಗಳನ್ನು ವಿಮಾನ ಹತ್ತಿಸಿದರೆ ಸಂಬಂಧ ಮುರಿಯುತ್ತದೆ ಎಂದು ಹೆದರಿದೆ: ಹೀಗೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಆ ಸಂಬಂಧ ನನಗೂ ಅಷ್ಟೇನೂ ಹಿಡಿಸಿರಲಿಲ್ಲ; ಬೇರೆ ಯಾವುದೋ ಕಾರಣಕ್ಕೆ ಅದು ತಾನಾಗಿ ಮುರಿದೂ ಹೋಯಿತು. ನಿಜ ಏನೆಂದರೆ, ಆ ಕಾಗದವನ್ನು ಮೇಷ್ಟ್ರ ಕೈಗೆ ಕೊಟ್ಟರೆ ಅವರು ಓಡಿಹೋಗಿ ಅವಳಿಗೆ ಕೊಡುತ್ತಿದ್ದರು. ಅವಳು ಕುಣಿಯುವುದು ಅವರೆದುರಿಗೆ. ನನಗೆ ಸುದ್ದಿ ಬರುವುದು ಸಂಜೆ, ರಜೆಯ ದಿನವೆಲ್ಲ ಅಲ್ಲೇ ಆಡಿ ಅವಳು ಬಸ್ಸಿಳಿದು ಬಂದ ಮೇಲೆ, ಮೇಷ್ಟ್ರಿಗೆ ಫ್ಯಾಕ್ಸ್ ಬಂತು ಎಂಬ ಮಾತಿನಲ್ಲಿ. ಒಂದು ರಾತ್ರಿ ಇರಲಿ, ನಾಳೆ ಬೆಳಗ್ಗೆ ನಾನೇ ಅವಳಿಗೆ ಕೊಡುತ್ತೇನೆ ಎಂದುಕೊಂಡೆ. ಬೆಳಗ್ಗೆ ನಾನು ಏಳುವ ಮೊದಲೇ ಅವಳು ಮೊದಲ ಬಸ್ಸಿಗೆ ಹೋಗಿಯಾಗಿತ್ತು.

ಮರುದಿನ ಮಧ್ಯಾಹ್ನ ಮೇಷ್ಟ್ರು ಬೂತಿಗೆ ಬಂದರು. ಅಷ್ಟು ಹೊತ್ತಿಗೆ ಅವರು ಬರುವವರಲ್ಲ. ಜಾಗ ಬಿಡುವವರು ಬಿಡುವುದಾದರೆ ಈ ಒಂದೆರಡು ದಿನದಲ್ಲೇ ಬಿಡಬೇಕು ಎಂದು ಲೆಕ್ಕ ಹಾಕಿಕೊಂಡು ಬಂದಿದ್ದರು. ಏನಾದರೂ ಬಂತೇ ಎಂದು ಕೇಳಿದರು. ಇಲ್ಲ ಎಂದೆ. ಆ ಮಾತು ಬಾಯಿಂದ ಬರಲು ಏನೂ ಕಷ್ಟವಾಗಲಿಲ್ಲ, ಅದೇ ನನಗೆ ಈಗ ಭಯ ಹುಟ್ಟಿಸುವುದು. ಅವರು ಬೆಂಚಿನ ಮೇಲೆ, ಯಂತ್ರಕ್ಕೆ ಮುಖ ಮಾಡಿ ಕೂತರು. ಬೈಟು ತರಿಸಿದರು. ನನ್ನ ಅರ್ಧವನ್ನು ಡ್ರಾಯರಿನ ನೇರಕ್ಕೆ, ಮೇಜಿನ ಮೇಲೆ ಇಟ್ಟರು.

ಯಂತ್ರ ಕಿರ್ ಎಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದರು. ಒಂದು ಬಂದದ್ದು ರಟ್ಟಿನ ಪೆಟ್ಟಿಗೆಯವರದು. ಇನ್ನೊಂದು ಯಾವುದೋ ಬೋಲ್ಟಿನ ಅಳತೆ. ಮತ್ತೆ ಕೂರುತ್ತಿದ್ದರು. ಮೂರೂವರೆಯಾಯಿತು. ನಾಲ್ಕಾಯಿತು. ಡ್ರಾಯರು ನನ್ನ ಹೊಟ್ಟೆಗೆ ತಾಗಿಕೊಂಡೇ ಇತ್ತು. ಎಳೆದು ತೆಗೆದು, ಅಯ್ಯೋ ಮೇಷ್ಟ್ರೇ, ಇದು ನಿನ್ನೆ ಬಂದಿತ್ತು, ಮರೆತೇಬಿಟ್ಟೆ ಎಂದರೆ ಮುಗಿಯುತ್ತಿತ್ತು. ಅವರು ಬೈಯುತ್ತಲೂ ಇರಲಿಲ್ಲ, ಹೊತ್ತಿರಲಿಲ್ಲ ಅವರಿಗೆ. ಆ ಯಂತ್ರದಿಂದಲೇ ಒಪ್ಪಿಗೆ ಕಳಿಸುತ್ತಿದ್ದರು. ಆದರೆ ಇಲ್ಲ ಎಂದು ಹೇಳಿಯಾಗಿತ್ತಲ್ಲ. ಯಾರ ಕಾಗದವೂ ಕಳೆಯದವನು ಎಂಬ ಹೆಸರು ಬೇರೆ. ನಾಲ್ಕೂವರೆಗೆ ಕೈ ಡ್ರಾಯರಿನ ಹಿಡಿಗೆ ಹೋಯಿತು. ಅಷ್ಟರಲ್ಲಿ ಅವರು, "ಫೋನಣ್ಣ, ನೀನೊಬ್ಬ ಈ ಯಂತ್ರದ ಮುಂದೆ ಇದ್ದೀಯ ಅನ್ನೋ ಧೈರ್ಯದ ಮೇಲೆ ನಾನು ಅಲ್ಲಿ ನೆಮ್ಮದಿಯಾಗಿ ಪಾಠ ಮಾಡ್ತೀನಿ ಕಣಪ್ಪ" ಎಂದರು. ಕೈ ಹಿಂದಕ್ಕೆ ಬಂತು. ಬೈದಿದ್ದರೆ ಕೊಟ್ಟುಬಿಡುತ್ತಿದ್ದೆನೇನೋ.

ಗೋಡೆಯ ಗಡಿಯಾರದಲ್ಲಿ ಐದಾಗುವುದನ್ನು ಇಬ್ಬರೂ ನೋಡಿದೆವು. ನನಗೆ ಅದು ಏನೆಂದು ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ನಾಳೆ ಬಂದರೂ ಬರಬಹುದು ಎಂದು ಹೇಳಿ, ಬಟ್ಟೆ ಕೊಡವಿಕೊಂಡು, ಬಸ್ಸಿಗೆ ಹೋದರು.

ಮಗಳು ಹನ್ನೆರಡು ದಿನ ಚೀಲ ಬಿಚ್ಚಲಿಲ್ಲ.

ಪಂದ್ಯಾವಳಿ ಮುಗಿದ ಮೇಲೆ ಅದರ ಹಾಳೆಗಳು ಮೇಷ್ಟ್ರ ಕೈಗೆ ಬಂದವು. ಗರಿ ಎಳೆಯುತ್ತ ಓದಿದವರು ಅರ್ಹತಾ ಸುತ್ತಿನ ಕೊನೆಯ ಸಾಲಿನಲ್ಲಿ ನಿಂತುಬಿಟ್ಟರು. ಕಾಯುವವರ ಪಟ್ಟಿಯಲ್ಲಿ ನನ್ನ ಮಗಳ ಕೆಳಗಿದ್ದ ಬೇರೆ ದೇಶದ ಹುಡುಗಿ ಅಲ್ಲಿ ಆಡಿದ್ದಳು. ಅವರು ನನ್ನನ್ನು ಕೇಳಿದ್ದು, ಅವತ್ತು ಕರೆಂಟು ಹೋಗಿತ್ತಾ, ಪೇಪರ್ ರೋಲು ಮುಗಿದಿತ್ತಾ ಎಂದು. ತಪ್ಪಿಸಿಕೊಳ್ಳಲು ಅವರೇ ನನಗೆ ಎರಡು ಬಾಗಿಲು ತೆಗೆದು ತೋರಿಸಿದರು. ಕರೆಂಟು ಹೋಗಿತ್ತು ಎಂದುಬಿಟ್ಟಿದ್ದರೆ ತಪ್ಪು ಕರೆಂಟಿನದಾಗಿ, ಅವರ ಮೇಲೆ ಬರುತ್ತಿರಲಿಲ್ಲ. ಆದರೆ ನನಗೆ ನನ್ನ ಯಂತ್ರದ ಮಾನ ದೊಡ್ಡದಾಯಿತು. ನಮ್ಮಲ್ಲಿ ಹಾಗೆಲ್ಲ ಆಗಲ್ಲ ಮೇಷ್ಟ್ರೇ, ಬಂದಿದ್ದರೆ ಕಂಬಿ ಮೇಲೇ ಇರೋದು ಎಂದೆ. ಅಲ್ಲಿಗೆ ತಪ್ಪು ಮಾಡಿರಬಹುದಾದವರು ಅವರೊಬ್ಬರೇ ಉಳಿದರು.

ಅವರು ಅಷ್ಟಕ್ಕೇ ಬಿಡಲಿಲ್ಲ. ರಾಷ್ಟ್ರೀಯ ಸಂಸ್ಥೆಗೆ ನನ್ನ ಬೂತಿನಿಂದಲೇ ಫೋನು ಮಾಡಿದರು. ಬರೆದು ಕೇಳಿ ಎಂದರಂತೆ. ಬರೆದರು. ಉತ್ತರ ನನ್ನ ವಿಳಾಸಕ್ಕೆ ಬಂತು. ಇಂಥ ದಿನ ಇಂಥ ಹೊತ್ತಿಗೆ ಫ್ಯಾಕ್ಸ್ ಕಳಿಸಿದ್ದೇವೆ, ತಲುಪಿದ ದಾಖಲೆ ಇದೆ ಎಂದಿತ್ತು. ಅದನ್ನು ಹರಿದು ಕಪಿಲೆಗೆ ಬಿಟ್ಟೆ, ಜನ ಪಾಪ ಕಳೆಯಲೆಂದು ಮುಳುಗುವ ಮೆಟ್ಟಿಲ ಮೇಲೇ ನಿಂತು. ಎರಡನೇ ಸಲ ಬರೆದರು. ಎರಡನೇ ಉತ್ತರವೂ ಹೊಳೆಗೆ ಹೋಯಿತು. ಟಪಾಲಿನಲ್ಲಿ ಏನೋ ತೊಂದರೆಯಿದೆ, ಫ್ಯಾಕ್ಸೇ ಮಾಡಿಬಿಡೋಣ ಎಂದು ಒಂದು ದಿನ ಹಾಳೆ ತುಂಬ ಬರೆದು ತಂದರು. ಅವರ ಕಣ್ಣೆದುರಿಗೇ ಆ ಹಾಳೆಯನ್ನು ಮಗುಚಿ ಯಂತ್ರಕ್ಕೆ ಇಟ್ಟೆ. ಬರೆದ ಬದಿ ಯಾವುದು, ಖಾಲಿ ಬದಿ ಯಾವುದು ಎಂದು ಯಂತ್ರಕ್ಕೆ ತಿಳಿಯುವುದಿಲ್ಲ. ಖಾಲಿ ಹಾಳೆ ಹೋಯಿತು. ತಲುಪಿದೆ ಎಂದು ಚೀಟಿ ಬಂತು. ಆ ಚೀಟಿಯನ್ನು ಅವರು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಉಪಕಾರ ಆಯ್ತಪ್ಪ ಎಂದರು.

ಒಂದು ಸುಳ್ಳು ಹೇಳಿದವನು ಒಂದು ಕೋಣೆಯಲ್ಲಿರುತ್ತಾನೆ. ನಾನು ಅದಕ್ಕೆ ಕೋಣೆ ಕೂಡಿಸುತ್ತಲೇ ಹೋದೆ, ಯಾವುದಕ್ಕೂ ಹೊರಬಾಗಿಲು ಇಡಲಿಲ್ಲ. ಹೇಳಬೇಕೆಂದರೆ ಈಗ ಫ್ಯಾಕ್ಸೊಂದನ್ನೇ ಅಲ್ಲ, ಎರಡು ಕಾಗದ, ಒಂದು ಖಾಲಿ ಹಾಳೆ, ಎಲ್ಲವನ್ನೂ ಹೇಳಬೇಕು.

ಯಾವುದಕ್ಕೂ ಉತ್ತರ ಕಾಣದೆ, ಸುಗ್ಗಿಯ ಹೊತ್ತಿಗೆ ಮೇಷ್ಟ್ರು ಒಂದು ತೀರ್ಮಾನಕ್ಕೆ ಬಂದಿದ್ದರು. ಆ ದಿನ ಮಗಳನ್ನು ಕರೆತರಲು ನಾನು ಗೋದಾಮಿಗೆ ಹೋಗಿದ್ದೆ. ಮೂಟೆಗಳು ಅರ್ಧ ಅಂಕಣದವರೆಗೆ ಬಂದಿದ್ದವು. ನಾನು ಒಂದು ಮೂಟೆಯ ಮೇಲೆ ಕೂತೆ. ಆಟ ಮುಗಿಸಿ ಮಕ್ಕಳೆಲ್ಲ ಬೆವರು ಒರೆಸಿಕೊಳ್ಳುತ್ತಿದ್ದರು. ಮೇಷ್ಟ್ರು ಎಲ್ಲರ ನಡುವೆ ನಿಂತು ನನ್ನ ಮಗಳನ್ನು ಕರೆದರು.

"ಕೂಸೇ, ಲೆಕ್ಕ ತಪ್ಪಿದ್ದು ನಾನೇ ಕಣವ್ವ. ಒಂದು ದೇಶಕ್ಕೆ ಇಷ್ಟು ಅಂತ ಇತ್ತಲ್ಲ, ಅದನ್ನ ನಾನು ಸರಿಯಾಗಿ ತಿಳ್ಕೊಂಡಿಲ್ಲ. ನಿನ್ ಜಾಗ ಅಲ್ಲಿ ಇರ್ಲೇ ಇಲ್ಲ. ಇಲ್ದೇ ಇದ್ದ ಜಾಗಕ್ಕೆ ನಿನ್ನ ಚೀಲ ಕಟ್ಟಿಸಿ ಕೂರಿಸ್ದೆ. ತಪ್ಪಾಯ್ತು" ಎಂದು ಅವಳಿಗೆ ಕೈ ಮುಗಿದರು.

ಅವಳು, "ಬುಡಿ ಸಾ, ಏನ್ಸಾ ಇದು" ಎನ್ನುತ್ತ ಅವರ ಕೈ ಹಿಡಿದುಕೊಂಡು ಅತ್ತಳು. ಮಕ್ಕಳು ತಲೆ ಬಗ್ಗಿಸಿದರು. ನಾನು ಕೂತಿದ್ದ ಮೂಟೆಯ ಗೋಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಏಳಲಿಲ್ಲ.

ಅಲ್ಲಿಂದ ಮುಂದೆ ಮೇಷ್ಟ್ರು ಪಟ್ಟಿ ಮುಟ್ಟಲಿಲ್ಲ. ಜೆರಾಕ್ಸಿಗೆ ಹಾಳೆ ತರುವುದು ನಿಂತಿತು. ಚೆನ್ನಾಗಿ ಆಡುವ ಮಕ್ಕಳ ತಂದೆತಾಯಿ ಬಂದು ಮುಂದೇನು, ಎಲ್ಲಿಗೆ ಹೆಸರು ಕಳಿಸುವುದು ಎಂದು ಕೇಳಿದರೆ, ಮೈಸೂರಿಗೆ ಕರಕೊಂಡು ಹೋಗಿ, ನನಗೆ ಆ ಲೆಕ್ಕ ಬರಲ್ಲ ಎನ್ನುತ್ತಿದ್ದರು. ಹೋಗಲು ಆಗುವವರು ಹೋದರು. ಆಗದವರು ಆಟ ಬಿಟ್ಟರು. ಅವರಲ್ಲಿ ಒಬ್ಬಿಬ್ಬರು ನನ್ನ ಮಗಳಿಗಿಂತ ಚೆನ್ನಾಗಿ ಆಡುತ್ತಿದ್ದರಂತೆ, ಇದು ಅವಳೇ ಹೇಳಿದ್ದು. ಅವಳೂ ಎರಡು ಮೂರು ವರ್ಷ ರಾಜ್ಯಮಟ್ಟದಲ್ಲಿ ಆಡಿ ನಿಲ್ಲಿಸಿದಳು. ಅಂಥ ಪಟ್ಟಿಯಲ್ಲಿ ಅವಳ ಹೆಸರು ಮತ್ತೆ ಬರಲಿಲ್ಲ. ಈಗ ನಂಜನಗೂಡಿನಲ್ಲೇ ಒಂದು ಸ್ಕೂಲಿನಲ್ಲಿ ವ್ಯಾಯಾಮ ಕಲಿಸುತ್ತಾಳೆ, ಮದುವೆಯಾಗಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾಳೆ.

ಮೇಷ್ಟ್ರು ಮಾತ್ರ ಬೂತಿಗೆ ಬರುವುದನ್ನು ಬಿಡಲಿಲ್ಲ. ಅದೇ ನನಗೆ ದೊಡ್ಡ ಶಿಕ್ಷೆಯಾಯಿತು. ಅದೇ ಬೆಂಚು, ಅದೇ ಬೈಟು. ಆದರೆ ಈಗ ಯಂತ್ರಕ್ಕೆ ಬೆನ್ನು ಮಾಡಿ ಕೂರುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಕ್ಕೆ ಎಲ್ಲರ ಕೈಗೂ ಮೊಬೈಲು ಬಂತು. ಬೂತು ಮುಚ್ಚಿದೆ. ಮೇಷ್ಟ್ರು ನಿವೃತ್ತರಾದರು. ಸಕ್ಕರೆ ಕಾಯಿಲೆಯಿಂದ ಕಾಲಿನ ಎರಡು ಬೆರಳು ತೆಗೆದಿದ್ದಾರೆ, ಮಲಗಿದ್ದಾರೆ ಎಂದು ಕೇಳಿದಾಗ, ಇನ್ನು ತಡ ಮಾಡಬಾರದು ಎನಿಸಿತು. ಆ ಫ್ಯಾಕ್ಸನ್ನು ನಾನು ಎಸೆದಿರಲಿಲ್ಲ. ಉತ್ತರಗಳನ್ನು ಹೊಳೆಗೆ ಬಿಟ್ಟವನು ಅದೊಂದನ್ನು ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಕವರಿನಲ್ಲಿ ಇಟ್ಟಿದ್ದೆ. ಎಂದಾದರೂ ಕೊಡುತ್ತೇನೆ ಎಂಬ ಆಸೆ ಇತ್ತೇನೋ. ಆ ಕವರನ್ನು ಹಾಗೇ ಜೇಬಿಗೆ ಹಾಕಿಕೊಂಡು ನರಸೀಪುರದ ಬಸ್ಸು ಹತ್ತಿದೆ. ದಾರಿಯಲ್ಲಿ ತೆಗೆದು ನೋಡುವ ಧೈರ್ಯ ಬರಲಿಲ್ಲ.

ಮೇಷ್ಟ್ರು ಕಿಟಕಿಯ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ನನ್ನನ್ನು ಕಂಡು, ಒಳಗಿನವರಿಗೆ ಬೈಟು ಮಾಡಿ ಎಂದರು. ಅವರಿಗೆ ಸಕ್ಕರೆಯಿಲ್ಲದ್ದು, ನನಗೆ ಸಕ್ಕರೆಯದು. ಆದರೂ ಅದು ಬೈಟುವೇ. ನಾನು ಮಡಿಸಿದ ಕಾಗದವನ್ನು ಕವರಿನಿಂದ ತೆಗೆದು ಅವರ ಕೈಗಿಟ್ಟೆ. ಕನ್ನಡಕ ಹಾಕಿಕೊಂಡರು. ಬಿಚ್ಚಿದರು. ಮಗುಚಿ ನೋಡಿದರು. ಕಿಟಕಿಯ ಬೆಳಕಿಗೆ ಹಿಡಿದರು.

"ಏನೂ ಇಲ್ವಲ್ಲೋ ಫೋನಣ್ಣ ಇದ್ರಲ್ಲಿ" ಎಂದರು.

ನಾನು ಬಗ್ಗಿ ನೋಡಿದೆ. ಹಳದಿಗೆ ತಿರುಗಿದ ಖಾಲಿ ಕಾಗದ. ಆ ನುಣುಪು ರೋಲಿನ ಫ್ಯಾಕ್ಸುಗಳು ವರ್ಷ ಕಳೆದಂತೆ ಅಳಿಸಿಹೋಗುತ್ತವೆ ಎಂದು ನನ್ನ ಗಿರಾಕಿಗಳಿಗೆ ನಾನೇ ಎಷ್ಟು ಸಲ ಹೇಳಿದ್ದೆ, ಬೇಕಾದ್ದನ್ನು ಜೆರಾಕ್ಸ್ ಮಾಡಿಟ್ಟುಕೊಳ್ಳಿ ಎಂದು. ಕಾಗದ ಖಾಲಿಯಾದರೇನು, ನನ್ನ ಬಾಯಿ ಇತ್ತಲ್ಲ. ಒಂದೊಂದು ಪದವೂ ನೆನಪಿತ್ತು. ಆದರೆ ಅಲ್ಲಿ ಒಂದು ಬಿರುಕು ಕಂಡಿತು ನನಗೆ, ತಪ್ಪಿಸಿಕೊಳ್ಳಲು. ಹಳೇ ಪೇಪರು ಮೇಷ್ಟ್ರೇ, ಬೇರೇನೋ ತರಲು ಹೋಗಿ ಇದನ್ನು ತಂದೆ ಎಂದೆ.

ಅವರು ಅದನ್ನು ವಾಪಸು ಕೊಡಲಿಲ್ಲ. ತೊಡೆಯ ಮೇಲೆ ಇಟ್ಟು ಅಂಗೈಯಿಂದ ಸವರಿದರು. ದಿಂಬಿನ ಕೆಳಗಿನಿಂದ ಪೆನ್ಸಿಲ್ ತೆಗೆದರು. ಆ ಕಾಗದದ ಮೇಲೆಯೇ, ಮೇಲಿನಿಂದ ಕೆಳಕ್ಕೆ, ಅವತ್ತಿನ ಕಾಯುವವರ ಪಟ್ಟಿಯನ್ನು ನೆನಪಿನಿಂದ ಬರೆದರು. ನನ್ನ ಮಗಳ ಹೆಸರು ಮೊದಲು. ಅದರ ಕೆಳಗೆ ಐದು ಹೆಸರು, ಅವರವರ ದೇಶ. ಪಕ್ಕದಲ್ಲಿ ನಮ್ಮ ದೇಶದಿಂದ ಆಗಲೇ ಜಾಗ ಸಿಕ್ಕಿದ್ದವರ ಹೆಸರು, ಮಿತಿ ಎಷ್ಟು, ಉಳಿದದ್ದು ಎಷ್ಟು. ಒಂದು ಹೆಸರಿಗೂ ತಡವರಿಸಲಿಲ್ಲ. ಬರೆದು ನನ್ನ ಕಡೆ ತಿರುಗಿಸಿದರು.

"ನೋಡು. ಎಷ್ಟ್ ಸಲ ಕೂಡಿದ್ರೂ ನಂಗೆ ಸರಿಯಾಗೇ ಬತ್ತದೆ ಕಣಪ್ಪ. ಎಲ್ ತಪ್ಪಿದೆ ಅಂತ ಗೊತ್ತಾದ್ರೆ ಸಾಕು, ನೆಮ್ಮದಿಯಾಗಿ ಕಣ್ಮುಚ್ತೀನಿ. ನಿಂಗೆ ಏನಾರ ಹೊಳೀತದಾ?"

ನನಗೆ ಇದೆಲ್ಲ ತಿಳಿಯಲ್ಲ ಮೇಷ್ಟ್ರೇ ಎಂದೆ. ಟೀ ಬಂತು. ಕುಡಿದೆ. ಹೊರಡುವಾಗ ಆ ಕಾಗದವನ್ನು ಅವರು ನನ್ನ ಜೇಬಿಗೇ ತುರುಕಿದರು, ನಿಧಾನವಾಗಿ ನೋಡು ಎಂದು.

ಅದಾದ ಮೇಲೆ ಮೂರು ವರ್ಷ ಬದುಕಿದ್ದರು. ನಾನು ಇನ್ನೂ ಆರೇಳು ಸಲ ಹೋಗಿರಬಹುದು. ಪ್ರತಿ ಸಲವೂ ನಾನು ಬಾಗಿಲಲ್ಲಿರುವಾಗಲೇ, ಏನಾರ ಹೊಳೀತಾ ಎಂದು ಕೇಳುತ್ತಿದ್ದರು. ಕೊನೆಕೊನೆಗೆ ಕೇಳಲಿಲ್ಲ, ಮುಖ ನೋಡುತ್ತಿದ್ದರು ಅಷ್ಟೆ.

ಕಾರ್ಯ ಮುಗಿಸಿ ಬಂದ ಮರುದಿನ ಮಗಳ ಮನೆಗೆ ಹೋದೆ. ಮಕ್ಕಳ ಬಟ್ಟೆ ಮಡಿಸುತ್ತಿದ್ದಳು. ಆ ಕಾಗದವನ್ನು ಮುಂದಿಟ್ಟು ಎಲ್ಲವನ್ನೂ ಹೇಳಿದೆ, ಇಲ್ಲಿ ಬರೆದ ಹಾಗೆಯೇ, ಏನನ್ನೂ ಬಿಡದೆ. ಅವಳು ಕಾಗದವನ್ನು ಎತ್ತಿಕೊಂಡಳು. ಪೆನ್ಸಿಲಿನ ಅಕ್ಷರಗಳ ಮೇಲೆ ಬೆರಳನ್ನು ಸಾಲಿನಿಂದ ಸಾಲಿಗೆ ಎಳೆದಳು, ಮೇಷ್ಟ್ರು ಗರಿ ಎಳೆಯುತ್ತಿದ್ದ ಹಾಗೆ. ತನ್ನ ಹೆಸರನ್ನು ಬೇಗ ದಾಟಿದಳು. ಪಕ್ಕದ ಲೆಕ್ಕದ ಮೇಲೆ ಅವಳ ಬೆರಳು ನಿಂತಿತು.

"ಅವರಿಗೆ ಹೇಳಿದ್ರಾ ಅಪ್ಪಾಜಿ?"

ಇಲ್ಲ ಎಂದೆ.

"ಇದನ್ನ ಮೊದ್ಲು ಹೇಳ್ಬೇಕಾಗಿದ್ದು ಅವರಿಗೆ. ಅವರಿಲ್ಲ ಅಂತ ನನ್ನ ಹತ್ರ ತಂದ್ರೆ ನಾನು ತಗೊಳಲ್ಲ."

ಕಾಗದವನ್ನು ಮಾತ್ರ ಇಟ್ಟುಕೊಂಡಳು. ಉಳಿದ ಬಟ್ಟೆ ಮಡಿಸಿದಳು. ನಾನು ಎದ್ದು ಬರುವಾಗ ಬಾಗಿಲವರೆಗೆ ಬರಲಿಲ್ಲ.

ಮನೆಗೆ ಬಂದು ಮೂರು ದಿನ ಕಳೆಯಿತು. ಆಮೇಲೆ ಇದನ್ನು ಬರೆಯಲು ಕೂತೆ. ಮೇಷ್ಟ್ರು ಕಲಿಸಿದ ಪಾಠದ ಪ್ರಕಾರ, ಮೊದಲ ಹೆಸರಿನವರು ಇಲ್ಲದಿದ್ದರೆ ಎರಡನೆಯವರಿಗೆ, ಅವರು ಬೇಡವೆಂದರೆ ಅವರ ಕೆಳಗಿನವರಿಗೆ. ಹಾಗೆ ಇಳಿದು ಇಳಿದು ಇದು ಓದುತ್ತಿರುವ ನಿಮಗೆ ಬಂದಿದೆ. ನೀವು ನರಸೀಪುರದ ಕಡೆಯವರಾಗಿದ್ದು, ಆ ಗೋದಾಮಿನಲ್ಲಿ ಆಡಿದವರಾಗಿದ್ದರೆ, ಅವತ್ತು ಮೇಷ್ಟ್ರು ಕೈ ಮುಗಿದಾಗ ತಲೆ ಬಗ್ಗಿಸಿದವರಾಗಿದ್ದರೆ, ನನ್ನನ್ನು ಏನೆಂದುಕೊಂಡರೂ ಸರಿ, ಇಷ್ಟನ್ನು ಮಾತ್ರ ತೆಗೆದುಕೊಳ್ಳಿ. ಅವರ ಲೆಕ್ಕ ಸರಿಯಾಗಿತ್ತು. ಜಾಗ ಇತ್ತು. ಕರೆ ಬಂದಿತ್ತು.